ಎಟೆ ಎಫಾಂಗಾರ ಹಲಗೆ ನಡಿಗೆ

ಎಟೆ ಎಫಾಂಗಾ ಅವರನ್ನು ದೂರದಿಂದ ಗುರುತಿಸಲು ಮುಖ ಕಾಣಬೇಕಾಗಿರಲಿಲ್ಲ, ನಡಿಗೆ ಕಂಡರೆ ಸಾಕಾಗಿತ್ತು. ನಮ್ಮ ವಸತಿಯ ಕೆಂಪು ಮಣ್ಣಿನ ರಸ್ತೆ ಎರಡು ಲಾರಿಗಳು ಎದುರುಬದುರಾಗಿ ಹೋಗುವಷ್ಟು ಅಗಲ. ಅವರು ಮಾತ್ರ ಅದರ ನಟ್ಟನಡುವೆ ಎರಡು ಗೇಣಿನಷ್ಟು ಜಾಗವನ್ನೇ ತಮ್ಮದೆಂದು ಭಾವಿಸಿ, ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ನೇರವಾಗಿ ಇಡುತ್ತಾ, ಪ್ರತಿ ಹೆಜ್ಜೆಗೂ ಮೊದಲು ಬೆರಳ ತುದಿಯಿಂದ ನೆಲವನ್ನು ಒತ್ತಿ ನೋಡಿ, ಅದು ಭಾರ ತಡೆಯುತ್ತದೆಂದು ಖಾತ್ರಿಯಾದ ಮೇಲೆಯೇ ಹಿಮ್ಮಡಿ ಊರುತ್ತಿದ್ದರು. ತೋಳುಗಳೆರಡೂ ಬದಿಗೆ ಕೊಂಚ ಎದ್ದಿರುತ್ತಿದ್ದವು. ಅಲ್ಲಲ್ಲಿ, ಯಾವ ಗುಂಡಿಯೂ ಇಲ್ಲದ ಕಡೆ, ಕಾಲೆತ್ತಿ ಏನನ್ನೋ ದಾಟುತ್ತಿದ್ದರು. ಮೋಟಾರ್ ಬೈಕಿನವರು ಹಿಂದಿನಿಂದ ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಕೊನೆಗೆ ತಾವೇ ಚರಂಡಿಗೆ ಇಳಿದು ಮುಂದೆ ಹೋಗುತ್ತಿದ್ದರು. ಹೊಸಬರು ನೋಡಿದರೆ ಮುದುಕ ಬೆಳಿಗ್ಗೆಯೇ ಸಾರಾಯಿ ಏರಿಸಿದ್ದಾನೆ ಎಂದುಕೊಳ್ಳಬೇಕು. ಅವರು ಅದನ್ನು ಮುಟ್ಟುತ್ತಿರಲಿಲ್ಲ.

ಅವರು ಹುಟ್ಟಿ ಬೆಳೆದದ್ದು ಬಕಾಸ್ಸಿಯ ಕಾಂಡ್ಲಾ ಕಾಡಿನ ನಡುವೆ, ಇನೆ ಎಯೊ ಎಂಬ ಮೀನುಗಾರರ ಕೇರಿಯಲ್ಲಿ. ಅಲ್ಲಿ ಮನೆಗಳೆಲ್ಲ ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ. ಮನೆಯಿಂದ ಮನೆಗೆ ಹಲಗೆಯ ಹಾದಿ. ಕೂಸು ಅಂಬೆಗಾಲಿಡುವುದೂ, ಮದುಮಗಳು ಬರುವುದೂ, ಹೆಣ ಹೊರಡುವುದೂ ಎರಡು ಗೇಣಗಲದ ಅದೇ ಹಾದಿಯ ಮೇಲೆ. ಎಲ್ಲಿ ಹಲಗೆ ಕೊಳೆತಿದೆ, ಎಲ್ಲಿ ಎರಡರ ನಡುವೆ ಸಂದಿಯಿದೆ ಎಂಬುದು ಕೇರಿಯ ಪ್ರತಿಯೊಬ್ಬರ ಕಾಲಿಗೂ ಕಂಠಪಾಠವಾಗಿತ್ತು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಇಬ್ಬರು ಬಿಳಿಯ ದೊರೆಗಳು ಎಲ್ಲೋ ಕುಳಿತು ಎಳೆದಿದ್ದ ಒಂದು ಗೆರೆಯನ್ನು ದೇಶದೇಶಗಳ ವ್ಯಾಜ್ಯ ನೋಡುವ ದೊಡ್ಡ ನ್ಯಾಯಾಲಯ ಹುಡುಕಿ ತೆಗೆದು, ಬಕಾಸ್ಸಿ ನೈಜೀರಿಯಾದ್ದಲ್ಲ, ಕ್ಯಾಮರೂನಿನದು ಎಂದು ತೀರ್ಪು ಕೊಟ್ಟಿತು. ಆಗ ಊರು ಬಿಟ್ಟು ಈಚೆ ಬಂದವರಿಗೆಂದು ಕಟ್ಟಿದ್ದೇ ನಮ್ಮ ವಸತಿ. ನಾನು ಇಲ್ಲಿಯ ಶಾಲೆಯಲ್ಲಿ ಪಾಠ ಹೇಳುವವಳು, ಅವರ ಎದುರು ಮನೆಯವಳು. ಎಟೆ ಎಂದರೆ ನಮ್ಮಲ್ಲಿ ಅಪ್ಪ. ಹಿರಿಯರನ್ನೆಲ್ಲ ಹಾಗೆಯೇ ಕರೆಯುತ್ತೇವೆ. ಎಟೆ ಎಫಾಂಗಾ ಇಲ್ಲಿಗೆ ಬಂದು ಹತ್ತು ವರ್ಷ ದಾಟಿದ್ದರೂ ಅವರ ಕಾಲುಗಳಿಗೆ ಮಾತ್ರ ಆ ತೀರ್ಪಿನ ಸುದ್ದಿ ಯಾರೂ ಮುಟ್ಟಿಸಿದಂತಿರಲಿಲ್ಲ.

ಇನ್ನು ಅವರ ಕೋಟು. ಯಾವುದೋ ಚಳಿ ದೇಶದವರಿಗೆಂದು ಹೊಲಿದ, ಕಡುನೀಲಿ ಬಣ್ಣದ, ಹಿತ್ತಾಳೆ ಗುಂಡಿಗಳ ಉಣ್ಣೆಯ ಕೋಟು ಅದು. ನೈಜೀರಿಯಾದ ಬಾವುಟ ಇಳಿಸಿ ಬಕಾಸ್ಸಿಯನ್ನು ಒಪ್ಪಿಸುವ ದಿನ ಕೇರಿಗಳ ಹಿರಿಯರೆಲ್ಲ ಗೌರವದ ಉಡುಪಿನಲ್ಲಿ ಬರಬೇಕೆಂದು ಹೇಳಿಕಳಿಸಿದ್ದರಿಂದ, ಕಲಬಾರಿನ ಹಳೆಬಟ್ಟೆಯ ಅಂಗಡಿಗಳ ಸಾಲಿನಲ್ಲಿ ಅರ್ಧ ದಿನ ಅಲೆದು ಅದನ್ನು ಕೊಂಡಿದ್ದರಂತೆ. ಬಾವುಟ ಇಳಿದದ್ದು ಬಕಾಸ್ಸಿಯ ನೀರಿನ ಮೇಲಲ್ಲ, ಈಚೆ ದಡದ ಕಲಬಾರಿನಲ್ಲಿ. ಸೆಕೆಯಲ್ಲಿ ಬೆವರು ಸುರಿಸುತ್ತಾ ಸಾಲಿನಲ್ಲಿ ನಿಂತಿದ್ದ ಎಟೆ ಆ ದಿನದ ಬಗ್ಗೆ ನನಗೆ ಹೇಳಿದ್ದು ಇಷ್ಟೇ: "ಹೆಣ ಅಲ್ಲೇ ಇತ್ತು, ಅಳು ಮಾತ್ರ ಇಲ್ಲಿ ಆಯ್ತು, ಮಗಳೆ." ಹುಡುಗನಾಗಿದ್ದಾಗ ಬ್ರಿಟಿಷರ ಬಾವುಟ, ಮೀಸೆ ಬರುವ ಹೊತ್ತಿಗೆ ನೈಜೀರಿಯಾದ್ದು, ಅಂತರ್ಯುದ್ಧದ ಕಾಲದಲ್ಲಿ ಕೆಲವು ದಿನ ಇನ್ಯಾವುದೋ, ಮತ್ತೆ ನೈಜೀರಿಯಾದ್ದು, ಇಷ್ಟನ್ನೂ ಅವರು ಕಂಡಿದ್ದರು. "ಮೇಲಿನ ಬಟ್ಟೆ ಬದಲಾಗ್ತಾನೇ ಇತ್ತು. ನೀರು ಒಂದು ದಿನಾನೂ ತಲೆ ಎತ್ತಿ ನೋಡ್ಲಿಲ್ಲ" ಎನ್ನುತ್ತಿದ್ದರು. ಆದರೆ ಈ ಸಲ ಬಟ್ಟೆ ಬದಲಾದಾಗ ಅವರ ಮನೆ ಎರಡು ಹೋಳಾಯಿತು.

ಅವರು ಈಚೆ ಬಂದರು, ಹೆಂಡತಿ ಇಕ್ವೊ ಅಲ್ಲೇ ಉಳಿದಳು. ಜಗಳವೇನೂ ಆಗಿರಲಿಲ್ಲ. ಅಧಿಕಾರಿಯೊಬ್ಬರು ಮೈಕಿನಲ್ಲಿ, "ನಿಮಗೆ ನೀರಿನ ದಡದಲ್ಲೇ ಊರು ಕಟ್ಟಿಕೊಡುತ್ತೇವೆ" ಎಂದು ಹೇಳಿದ್ದನ್ನು ಎಟೆ ನಂಬಿದರು. ಕೋಟು ತೊಟ್ಟು ಸಾಲಿನಲ್ಲಿ ನಿಂತ ಮನುಷ್ಯ ನಂಬದೆ ಹೇಗಿದ್ದಾರು? ಇಕ್ವೊ ನಂಬಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಒಲೆಯ ಮೇಲಿನ ಹೊಗೆಯಟ್ಟದತ್ತ ಕೈ ತೋರಿಸಿ, "ಅಟ್ಟದ ಮೇಲೆ ಮೀನಿದೆ. ಅದು ಖಾಲಿ ಆಗ್ಲಿ, ಬರ್ತೀನಿ. ನೀನು ಮುಂದೆ ಹೋಗಿ ಮನೆ ನೋಡ್ಕೋ" ಎಂದಳು. ಮೀನು ಹೊಗೆಯಾಡಿಸುವ ಹೆಂಗಸಿನ ಅಟ್ಟ ಎಂದಾದರೂ ಖಾಲಿಯಾಗುತ್ತದೆಯೇ? ಹಳೆಯದನ್ನು ಇಳಿಸುವ ಮೊದಲೇ ಹೊಸದು ಏರುತ್ತದೆ. ಎಟೆ ಬಂದು ನೋಡಿದರೆ ಮನೆಯೇನೋ ಇತ್ತು, ತಗಡಿನ ಮಾಡೂ ಇತ್ತು, ನೀರು ಮಾತ್ರ ಅರ್ಧ ದಿನದ ದಾರಿಯಾಚೆ. ಇಲ್ಲಿಗೆ ಬಂದ ಬೆಸ್ತರು ಹೊಲದಲ್ಲಿ ಗೆಣಸು ನೆಡಲು ಹೋಗಿ ಬೆಳೆ ಕೆಡಿಸಿದರು.

ಹಾಗಾದರೆ ಅವರೇ ಒಮ್ಮೆ ಹೋಗಿ ಬರಬಹುದಿತ್ತಲ್ಲ ಎಂದು ನಾನೂ ಕೇಳಿದ್ದೇನೆ. ಹೋಗಬೇಕಾದರೆ ನದಿಯಾಚೆಯ ಠಾಣೆಯಲ್ಲಿ ಪರದೇಶಿ ಎಂದು ಹೆಸರು ಕೊಟ್ಟು ಚೀಟಿ ಪಡೆಯಬೇಕು. "ನನ್ನ ಮನೆ ಮೆಟ್ಟಿಲು ಹತ್ತೋಕೆ ಇನ್ನೊಬ್ಬನ ಅಪ್ಪಣೆ ಕೇಳ್ಲಾ? ಬಾಗಿಲು ನಾನು ಕೆತ್ತಿದ್ದು ಕಣೇ!" ಎಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಗುಂಡಿ ಹಾಕಿದರೆಂದರೆ ಮಾತು ಮುಗಿಯಿತೆಂದು ಅರ್ಥ. ಆಮೇಲೆ ಯಾವುದೋ ಕಚೇರಿಯ ಮುಂದೆ ಹೋಗಿ, ನೀರಿನ ದಡದಲ್ಲಿ ಜಾಗ ಎಲ್ಲಿ ಎಂದು ಕೇಳಿ ಬರುತ್ತಿದ್ದರು.

ಇನೆ ಎಯೊ ಇರುವ ಕಾಲುವೆಯೊಳಗೆ ಫೋನಿನ ಸಿಗ್ನಲ್ ಸಿಗುವುದಿಲ್ಲ. ಗಂಡಹೆಂಡಿರ ಸುದ್ದಿ ಬಾಯಿಂದ ಬಾಯಿಗೆ, ದೋಣಿಯಿಂದ ದೋಣಿಗೆ ಬರಬೇಕಾಗಿತ್ತು; ಬರುವಷ್ಟರಲ್ಲಿ ಅದು ಏನೇನೋ ಆಗುತ್ತಿತ್ತು. ಒಮ್ಮೆ ಎಟೆ "ಬೇಗ ಬಾ" ಎಂದು ಹೇಳಿಕಳಿಸಿದ್ದಕ್ಕೆ ಆಕೆ ಒಂದು ಪೊಟ್ಟಣ ಉಪ್ಪು ಕಳಿಸಿದ್ದಳು. ಹಾಗಾಗಿ ಅವರಿಬ್ಬರ ನಡುವೆ ನಂಬಬಹುದಾದ ಸುದ್ದಿಯೆಂದರೆ ಮೀನೊಂದೇ. ತಿಂಗಳಿಗೊಮ್ಮೆ ಮೀನು ವ್ಯಾಪಾರದ ಎನ್ಕೊಯೊ ತನ್ನ ಬುಟ್ಟಿಯಲ್ಲಿ ಇಕ್ವೊ ಕಳಿಸಿದ ಒಂದು ಹೊಗೆಮೀನನ್ನು ತಂದು ಎಟೆಯ ಕೈಗಿಡುತ್ತಿದ್ದಳು.

ಮೀಸೆ ಮೀನನ್ನು ನಮ್ಮ ಹೆಂಗಸರು ಹೊಗೆಗೆ ಹಾಕುವ ಮೊದಲು ಬಳೆಯಂತೆ ಬಗ್ಗಿಸಿ, ಬಾಲವನ್ನು ಬಾಯಿಗೆ ಕಚ್ಚಿಸಿ, ಬಿದಿರಿನ ಕಡ್ಡಿ ಚುಚ್ಚಿ ನಿಲ್ಲಿಸುತ್ತಾರೆ. ಎಲ್ಲರೂ ಮಾಡುವುದು ಇದನ್ನೇ ಆದರೂ ಒಬ್ಬೊಬ್ಬರ ಕೈ ಒಂದೊಂದು ತರಹ. ಇಕ್ವೊಳ ಮೀನು ಬಲಕ್ಕೆ ಬಾಗಿರುತ್ತಿತ್ತು; ಕಡ್ಡಿಯ ಚೂಪು ತುದಿ ತಿನ್ನುವವರ ಬೆರಳಿಗೆ ತಾಗದ ಹಾಗೆ ಆಕೆ ಅದನ್ನು ಚರ್ಮಕ್ಕೆ ಸಮನಾಗಿ ಮುರಿದಿರುತ್ತಿದ್ದಳು. ಎಟೆ ಆ ಮೀನನ್ನು ಅಂಗಳದ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ, ಮೂಗಿನ ಹತ್ತಿರ ತಂದು, "ಸೌದೆ ಹಸಿ ಇತ್ತು, ಮಳೆ ಜೋರಿದೆ ಅಲ್ಲಿ" ಎಂದೋ, "ಮುಂಗೋಪ ಇವತ್ತು, ನೋಡು ಎಷ್ಟು ಬಿಗಿಯಾಗಿ ಬಗ್ಗಿಸಿದ್ದಾಳೆ" ಎಂದೋ ಹೇಳುತ್ತಿದ್ದರು. ಮೀನು ತಿಂದ ಮೇಲೆ ಕಡ್ಡಿಯನ್ನು ತೊಳೆದು ಕೋಟಿನ ಒಳಜೇಬಿಗೆ ಇಳಿಸುತ್ತಿದ್ದರು. ಆ ಜೇಬು ಉಬ್ಬಿಕೊಂಡು, ಕೋಟು ಒಂದು ಬದಿಗೆ ಜೋಲುತ್ತಿತ್ತು.

ಅವರದೊಂದು ಹಠ ಇಡೀ ವಸತಿಗೇ ಗೊತ್ತಿತ್ತು. ಗಡಿಯಾರದ ಗಂಟೆಯನ್ನು ಅವರು ಬಾಯಲ್ಲಿ ಆಡುತ್ತಿರಲಿಲ್ಲ. "ನೀರು ಏರಿದ ಮೇಲೆ ಬಾ," "ಇಳಿತ ಶುರುವಾಗೋ ಮುಂಚೆ ಊಟ ಮುಗಿಸು." ಸುತ್ತ ಎಲ್ಲಿ ನೋಡಿದರೂ ಕೆಂಪು ಮಣ್ಣು, ನೀರೆಂದರೆ ಕೊಳವೆಬಾವಿಯ ಬಾಯಲ್ಲಿ ಬರುವಷ್ಟು. ಆದರೂ ಇನೆ ಎಯೊದ ಉಬ್ಬರವಿಳಿತವನ್ನು ಅವರು ಮನಸ್ಸಿನಲ್ಲೇ ಎಣಿಸಿಕೊಂಡು ಬಂದಿದ್ದರು. ಬಂದವರೆಲ್ಲ ನೀರಿನವರೇ ಆದ್ದರಿಂದ ಯಾರೂ ನಗುತ್ತಿರಲಿಲ್ಲ. ಅವರು "ಈಗ ಅಲ್ಲಿ ನೀರು ತುಂಬಿರುತ್ತೆ" ಎಂದಾಗ ಪಡಸಾಲೆಯಲ್ಲಿ ಕೂತ ಮುದುಕರೆಲ್ಲ ಕಣ್ಣು ಮುಚ್ಚಿ ಆ ತುಂಬಿದ ನೀರನ್ನು ನೋಡುತ್ತಿದ್ದರು. ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಯೋಚನೆ ಯಾರಿಗೂ ಬರಲಿಲ್ಲ. ನಡುವೆ ಒಮ್ಮೆ ಎಟೆಗೆ ಮಲೇರಿಯಾ ಬಂದು ಬಹಳ ದಿನ ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದುದೂ ನಮಗೆ ನೆನಪಾಗಲಿಲ್ಲ.

ಒಂದು ದಿನ ಎನ್ಕೊಯೊ ತಂದ ಮೀನನ್ನು ಎಟೆ ಬೆಳಕಿಗೆ ಹಿಡಿದವರು ಹಾಗೆಯೇ ನಿಂತುಬಿಟ್ಟರು. ಮೀನು ಎಡಕ್ಕೆ ಬಾಗಿತ್ತು. ಬಗ್ಗಿಸಿದ್ದು ಸಡಿಲ. ಕಡ್ಡಿಯ ತುದಿ ಮುರಿದಿರಲಿಲ್ಲ, ಅದು ಅವರ ಹೆಬ್ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಬಂತು.

"ಇದು ಅವಳ ಕೈ ಅಲ್ಲ" ಎಂದರು.

ಎನ್ಕೊಯೊ, "ಅಯ್ಯೋ ಎಟೆ, ಬುಟ್ಟಿ ಮೂರು ದೋಣಿ ದಾಟಿ ನನ್ನ ತಲೆಗೆ ಬರುತ್ತೆ. ಯಾರು ಕಟ್ಟಿದ್ರು ಅಂತ ಬುಟ್ಟಿ ಬಾಯಿ ಬಿಟ್ಟು ಹೇಳುತ್ತಾ? ನಿಮ್ಮ ಹೆಸರಿಗೆ ಬಂತು, ತಂದ್ಕೊಟ್ಟೆ" ಎಂದಳು. ಆಮೇಲೆ ಅವರ ಮುಖ ನೋಡಿ ಗಾಬರಿಯಾಗಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಆ ಮೀನನ್ನು ಅವರು ತಿನ್ನಲಿಲ್ಲ. ಮರುದಿನ ಬೆಳಿಗ್ಗೆ ಕೋಟು ತೊಟ್ಟು ನನ್ನ ಬಾಗಿಲಿಗೆ ಬಂದರು. ಗುಂಡಿ ಹಾಕಿರಲಿಲ್ಲ. "ಟೀಚರಮ್ಮ, ಆ ಠಾಣೆಯೋರು ಫ್ರೆಂಚ್ ಮಾತಾಡ್ತಾರಂತೆ. ನಿಂಗೆ ನಾಲ್ಕಕ್ಷರ ಬರುತ್ತಲ್ಲ. ನನ್ನ ಜೊತೆ ಬಾ" ಎಂದರು. ಪರದೇಶಿ ಎಂದು ಹೆಸರು ಕೊಡಬೇಕಾಗುತ್ತದೆ ಎಂದು ನೆನಪಿಸಿದೆ. "ಕೊಡೋಣ. ಅವಳಿದ್ದಾಳೋ ಇಲ್ವೋ ಅಂತ ಗೊತ್ತಾದ್ರೆ ಸಾಕು" ಎಂದರು. ಅಷ್ಟು ವರ್ಷ ಹಿಡಿದ ಹಠ ಹೀಗೆ ಒಂದು ಮೀನಿನ ಮುಂದೆ ಬಿದ್ದುಹೋದದ್ದು ಕಂಡು ನನಗೆ ಅಳು ಬಂತು.

ಆ ರಾತ್ರಿ ನದಿಯ ದಡದಲ್ಲಿ ತಂಗಿ, ಬೆಳಗಾಗುತ್ತಲೇ ದೋಣಿ ಹಿಡಿದೆವು. ದೋಣಿಯವನು ಒಟು ಎಂಬಾತ, ದೊಡ್ಡ ನದಿಯಲ್ಲಿ ಎಂಜಿನ್ ದೋಣಿ ಓಡಿಸುವವನು. ಠಾಣೆಯಲ್ಲಿದ್ದ ಕಾವಲುಗಾರ ಒಳ್ಳೆಯ ಯುವಕ. ಎಲ್ಲಿಗೆ ಎಂದು ಕೇಳಿದ. ಎಟೆ "ಮನೆಗೆ" ಎಂದರು. ಯಾರ ಮನೆಗೆ ಎಂದ, "ನನ್ನ" ಎಂದರು. ಆತ ಅವರ ಕೋಟು, ನನ್ನ ಮುಖ, ಮತ್ತೆ ಕೋಟು ನೋಡಿ, "ಭೇಟಿ" ಎಂದು ಬರೆದುಕೊಂಡ. ಮೂವರು ಹೋಗುತ್ತಿದ್ದೀರಿ, ಸೂರ್ಯ ಮುಳುಗುವ ಮೊದಲು ಮೂವರೂ ಇಲ್ಲಿ ಹಾಜರಾಗಬೇಕು, ತಪ್ಪಿದರೆ ದೋಣಿ ಇಲ್ಲೇ ಉಳಿಯುತ್ತದೆ ಎಂದ. ಒಟು ತಲೆಯಾಡಿಸಿದ.

ಇನೆ ಎಯೊದ ಕಾಲುವೆಯ ಬಾಯಿಗೆ ಬಂದಾಗ ಒಟು ಎಂಜಿನ್ ಸಣ್ಣ ಮಾಡಿ, "ಎಟೆ, ನೀರು ಇಳೀತಿದೆ. ಸಂಜೆ ಕಡೆ ನೋಡೋಣ" ಎಂದ.

"ನದೀಲಿ ಇಳೀತಿರುತ್ತೆ. ಒಳಗೆ ಇನ್ನೂ ಏರ್ತಾ ಇರುತ್ತೆ. ಈ ಕಾಲುವೆಯ ಹೊಟ್ಟೆ ನಂಗೊತ್ತು, ನಿಂಗೊತ್ತಾ?"

"ನಿಮಗೇ ಗೊತ್ತು, ಎಟೆ. ಆದ್ರೆ..."

"ಆದ್ರೆ ಏನು? ನಡಿ."

ಹಿರಿಯರ ಮಾತು, ಅದರಲ್ಲೂ ಅವರದೇ ಕಾಲುವೆಯ ಮಾತು. ಒಟು ಎದುರಾಡದೆ ದೋಣಿ ಒಳಗೆ ಬಿಟ್ಟ. ತಿರುವಿನಾಚೆ ಇನೆ ಎಯೊ ಕಾಣಿಸಿತು. ಅರ್ಧದಷ್ಟು ಮನೆಗಳು ಕುಸಿದಿದ್ದವು, ಉಳಿದವುಗಳಲ್ಲಿ ಕೆಲವು ಕಡೆ ಹೊಗೆ ಏಳುತ್ತಿತ್ತು. ಕೊನೆಯ ಮನೆಯಿಂದ ಹೊಗೆ ಏಳುತ್ತಿರಲಿಲ್ಲ. ಎಟೆ ಆ ಮನೆಯನ್ನೇ ನೋಡುತ್ತಾ ಎದ್ದುನಿಂತರು. ಅಷ್ಟರಲ್ಲಿ ದೋಣಿಯ ತಳ ಕೆಸರಿಗೆ ತಾಗಿತು, ಒಂದು ಸಲ ವಾಲಿತು, ನಿಂತಿತು. ನಮ್ಮ ಕಣ್ಣೆದುರೇ ಕಾಲುವೆಯ ನೀರು ಎರಡೂ ಕಡೆಯಿಂದ ಹರಿದುಹೋಗಿ ಹೊಳೆಯುವ ಕಪ್ಪು ಕೆಸರು ಮೇಲೆದ್ದಿತು. ಇಷ್ಟು ವರ್ಷ ಎಟೆ ಎಣಿಸಿಕೊಂಡು ಬಂದ ನೀರು ಬೇರೆ, ಕಾಲುವೆಯ ನೀರು ಬೇರೆಯಾಗಿತ್ತು; ಜ್ವರದಲ್ಲಿ ಮಲಗಿದ್ದ ದಿನಗಳಲ್ಲೇ ಎಣಿಕೆ ತಪ್ಪಿರಬೇಕು. ಅವರು ದೋಣಿಯಂಚಿನಿಂದ ಒಂದು ಕಾಲು ಇಳಿಸಿದರು, ತೊಡೆಯವರೆಗೂ ಹೂತುಹೋಯಿತು. ಒಟು ಅವರನ್ನು ಕಂಕುಳಲ್ಲಿ ಹಿಡಿದು ಎಳೆದುಹಾಕಿದ. ಆ ಕೆಸರನ್ನು ದಾಟಿದವರು ಯಾರೂ ಇಲ್ಲ.

ಆಗ ಕೊನೆಯ ಮನೆಯ ಬಾಗಿಲಿನಿಂದ ಒಬ್ಬ ಮುದುಕಿ ಹಲಗೆಯ ತುದಿಗೆ ಬಂದು ಕಣ್ಣಿಗೆ ಕೈ ಅಡ್ಡಹಿಡಿದಳು.

"ಯಾವನೋ ಅವನು, ಇಳಿತದಲ್ಲಿ ದೋಣಿ ತಂದ ಮುಠ್ಠಾಳ?"

ಎಟೆ ಎದ್ದು, ಕೆಸರಾದ ಕೋಟನ್ನು ನೇರ ಮಾಡಿಕೊಂಡು ಕೂಗಿದರು: "ನಾನು!"

"ಅಂದ್ಕೊಂಡೆ" ಎಂದಳು ಇಕ್ವೊ. "ಇನ್ಯಾರು ಬರ್ತಾರೆ ಹಿಂಗೆ. ಅದೇನದು ಮೈಮೇಲೆ, ಕಂಬಳಿನಾ?"

"ಕೋಟು ಕಣೇ! ಮೀನು ಯಾರು ಬಗ್ಗಿಸಿದ್ದು? ಅದನ್ನ ಹೇಳು ಮೊದ್ಲು!"

"ನಾನೇ."

"ಸುಳ್ಳು ಹೇಳ್ಬೇಡ. ನಿನ್ನ ಕೈ ನಂಗೊತ್ತಿಲ್ವಾ?"

ಆಕೆ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿ ಕೈಬಿಟ್ಟಳು. ಅದು ಜೀವವಿಲ್ಲದೆ ಪಕ್ಕಕ್ಕೆ ಜೋತುಬಿತ್ತು. "ಈ ಕೈ ಬಿದ್ದುಹೋಗಿದೆ, ಎಫಾಂಗಾ. ಇನ್ನೊಂದು ಕೈಲಿ ಬಗ್ಗಿಸಿದೆ. ಎಡಗೈಲಿ ಮಾಡಿದ್ದು ಅಂತ ನೀನು ಮುಖ ತಿರುಗಿಸ್ತೀಯೇನೋ ಅಂತ ಹೆದರಿದ್ದೆ. ಕಳಿಸ್ದೆ ಇದ್ರೆ ಸತ್ತೇ ಹೋದಳು ಅಂದ್ಕೋತೀಯ ಅಂತ ಕಳಿಸಿದೆ."

ಎಡಗೈಯಲ್ಲಿ ಯಾರಿಗೂ ಅನ್ನ ಕೊಡಬಾರದು, ಕೊಟ್ಟರೆ ತೆಗೆದುಕೊಳ್ಳಬಾರದು; ಅದು ನಮ್ಮಲ್ಲಿ ಕೂಸಿಗೂ ಗೊತ್ತು. ಎಟೆ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿದ್ದವು, ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ನೀರು ತಿರುಗುವವರೆಗೆ, ಹೆಚ್ಚುಕಡಿಮೆ ಇಡೀ ಮಧ್ಯಾಹ್ನ, ಆಕೆ ಹಲಗೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತಳು, ಅವರು ದೋಣಿಯ ಮೂತಿಯಲ್ಲಿ ಕುಳಿತರು, ನಡುವೆ ಕೆಸರು. ನಾನೂ ಒಟುವೂ ಕಣ್ಣುಮುಚ್ಚಿ ಮಲಗಿದ ಹಾಗೆ ನಟಿಸಿದೆವು. ಹಲವು ವರ್ಷ ಅಗಲಿದ ಗಂಡಹೆಂಡಿರು ಏನು ಮಾತಾಡಬಹುದೆಂದು ನೀವು ಊಹಿಸುತ್ತೀರೋ ಅದೇನೂ ಅಲ್ಲಿರಲಿಲ್ಲ. ಯಾರು ಸತ್ತರು, ಯಾರ ಮನೆಯ ಕಂಬ ಮುರಿಯಿತು, ಮಾಡಿನ ಗರಿ ಯಾರು ಹೊದಿಸಿದರು, ಡಬ್ಬದಲ್ಲಿ ನೆಟ್ಟ ಮೆಣಸಿನ ಗಿಡ ಇದೆಯೋ ಹೋಯಿತೋ. "ಒಳ್ಳೆ ಅಡುಗೆ ಮಾಡ್ಕೋತೀಯಾ?" ಎಂದು ಆಕೆ ಕೇಳಿದಳು. "ಗೆಣಸು ತಿಂದು ತಿಂದು ಗೆಣಸಾಗಿದ್ದೀನಿ" ಎಂದರು ಅವರು. ಆಕೆ ನಕ್ಕಳು; ಆ ನಗು ಕೆಸರಿನ ಮೇಲೆ ಸ್ಪಷ್ಟವಾಗಿ ಬಂತು.

ನೀರು ಏರಿ ದೋಣಿ ಅಲುಗಾಡಿದಾಗ ಸೂರ್ಯ ಕಾಂಡ್ಲಾ ಮರಗಳ ತಲೆಗೆ ಬಂದಿದ್ದ. ಒಟು ಮನೆಯ ಏಣಿಗೆ ದೋಣಿ ತಾಗಿಸಿ, "ಎಟೆ, ತಪ್ಪು ತಿಳೀಬೇಡಿ. ಹತ್ತಿದೋರು ಹಾಗೇ ಇಳೀಬೇಕು. ದೋಣಿ ಹೋದ್ರೆ ನನ್ನ ಮನೆ ಒಲೆ ಆರುತ್ತೆ" ಎಂದ. ಎಟೆ ತಲೆಯಾಡಿಸಿ ಏಣಿ ಹತ್ತಿದರು. ಹಲಗೆಯ ಮೇಲೆ ಕಾಲಿಟ್ಟು ಹೆಂಡತಿಯ ಹಿಂದೆ ನಡೆದರು. ನಾನು ನೋಡುತ್ತಲೇ ನಿಂತೆ. ಅದೇ ನೇರ ಪಾದಗಳು, ಅದೇ ಬೆರಳ ತುದಿಯ ಪರೀಕ್ಷೆ, ಅದೇ ಎದ್ದ ತೋಳುಗಳು. ನಮ್ಮ ರಸ್ತೆಯ ಮೇಲೆ ಕಾರಣವಿಲ್ಲದೆ ಕಾಲೆತ್ತಿ ದಾಟುತ್ತಿದ್ದರಲ್ಲ, ಇಲ್ಲಿ ದಾಟಿದ ಜಾಗದಲ್ಲಿ ನಿಜವಾಗಿ ಒಂದು ಸಂದಿಯಿತ್ತು, ಅದರ ಕೆಳಗೆ ನೀರು ಹರಿಯುತ್ತಿತ್ತು. ಅಷ್ಟು ಚೆಂದವಾಗಿ ನಡೆಯುವ ಮನುಷ್ಯನನ್ನು ನಾನು ಕಂಡಿರಲಿಲ್ಲ. ತಡವರಿಸುತ್ತಾ ಬಂದವಳು ನಾನೇ.

ಒಳಗೆ ಒಲೆ ತಣ್ಣಗಿತ್ತು. ಹೊಗೆಯಟ್ಟದ ಮೇಲೆ ಏನೂ ಇರಲಿಲ್ಲ.

"ಅದೇ ಕೊನೇದು, ನಿಂಗೆ ಕಳಿಸಿದ್ದು" ಎಂದಳು ಇಕ್ವೊ. "ಅಟ್ಟ ಖಾಲಿ ಆಯ್ತು, ಎಫಾಂಗಾ. ಮಾತು ಕೊಟ್ಟಿದ್ನಲ್ಲ. ದೋಣೀಲಿ ಜಾಗ ಇದ್ರೆ ಈಗ್ಲೇ ಬರ್ತೀನಿ."

ಹತ್ತಕ್ಕೂ ಹೆಚ್ಚು ವರ್ಷ ಅವರು ಕಾದದ್ದು ಈ ಮಾತಿಗೆ. ನನಗಂತೂ ಎದೆ ಹಗುರಾಯಿತು. ಠಾಣೆಯವರಿಗೆ ಏನು ಹೇಳುವುದೆಂದು ಆಗಲೇ ಯೋಚಿಸತೊಡಗಿದೆ. ಎಟೆ ಮಾತ್ರ ಆಕೆಯ ಕಾಲುಗಳನ್ನೇ ನೋಡುತ್ತಿದ್ದರು. ಹಲಗೆಯಿಂದ ಹಲಗೆಗೆ ಒಂದು ಕೈಯ ಆಸರೆಯಿಲ್ಲದೆಯೂ ಎಡವದೆ ಬಂದ, ಹಿಮ್ಮಡಿ ಒಡೆದ ಆ ಕಾಲುಗಳನ್ನು. ಆಮೇಲೆ ಹೊರಗೆ ಹೋಗಿ, ಒಟು ತನ್ನ ಮನೆಗೆಂದು ದಾರಿಯಲ್ಲಿ ಕೊಂಡು ದೋಣಿಯಲ್ಲಿಟ್ಟಿದ್ದ ಹಸಿ ಮೀಸೆ ಮೀನುಗಳಲ್ಲಿ ಒಂದನ್ನು ಕೇಳದೆಯೇ ಎತ್ತಿಕೊಂಡು ಬಂದರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಗ್ಗಿಸಿದರು. ಮೀನು ಜಾರಿತು, ಮತ್ತೆ ಬಗ್ಗಿಸಿದರು. ಕೋಟಿನ ಒಳಜೇಬಿನಿಂದ ಆಕೆಯದೇ ಹಳೆಯ ಕಡ್ಡಿಯೊಂದನ್ನು ತೆಗೆದು, ಬಾಲ ಬಾಯಿಗೆ ಸೇರಿಸಿ ಚುಚ್ಚಿದರು.

"ಹೆಂಗಸರ ಕೆಲಸ ಕೆಡಿಸ್ಬೇಡ" ಎಂದಳು ಇಕ್ವೊ.

ಅವರು ಎದ್ದು ಆ ವಕ್ರ ಮೀನನ್ನು ಅಟ್ಟದ ನಡುವೆ ಇಟ್ಟರು. "ಅಟ್ಟ ಖಾಲಿ ಇಲ್ಲ, ನೋಡು" ಎಂದರು. "ಅಲ್ಲಿ ಬರೀ ಮಣ್ಣು ಕಣೇ. ನೀನು ಬರ್ಬೇಡ. ನಾನೇ ಬರ್ತೀನಿ. ಪರದೇಶಿ ಅಂತ ಬರೀಬೇಕಾದ್ರೆ ಬರ್ಕೊಡ್ತೀನಿ, ಹಣೆ ಮೇಲೇ ಬರ್ಕೊಳ್ಲಿ. ಒಲೆ ಹಚ್ಚು. ಅಪ್ಪಣೆ ಸಿಗೋ ತನಕ ಆರಿಸ್ಬೇಡ."

ಹೊರಡುವಾಗ ಆಕೆ ಮೆಣಸಿನ ಗಿಡದಿಂದ ನಾಲ್ಕು ಕಾಯಿ ಕಿತ್ತು ಎಡಗೈಯಲ್ಲಿ ಚಾಚಿದಳು, ಚಾಚಿ ನಾಚಿ ಹಿಂದೆಗೆದಳು. ಎಟೆ ಆ ಕೈಯನ್ನು ಹಿಡಿದು ತಂದು ಕಾಯಿಗಳನ್ನು ತಮ್ಮ ಎಡಗೈಗೆ ಸುರಿದುಕೊಂಡರು. ಸೂರ್ಯ ಮುಳುಗುವ ಮೊದಲು ನಾವು ಮೂವರೂ ಠಾಣೆಯಲ್ಲಿ ಹಾಜರಿದ್ದೆವು.

ಅಲ್ಲಿ ಹೋಗಿ ನೆಲೆಸುವ ಅಪ್ಪಣೆ ಇನ್ನೂ ಬಂದಿಲ್ಲ. ಕೋಟು ತೊಟ್ಟು ಹೋಗಿ ಕೇಳಿ ಬರುತ್ತಾರೆ. ಮೀನು ಬರುತ್ತದೆ, ಎಡಕ್ಕೆ ಬಾಗಿರುತ್ತದೆ. ಉಬ್ಬರದ ಹೊತ್ತು ಯಾರಾದರೂ ಕೇಳಿದರೆ ಈಗ ಅವರು ಹೇಳುವುದಿಲ್ಲ. "ಅವಳನ್ನ ಕೇಳ್ಬೇಕು" ಎನ್ನುತ್ತಾರೆ.

ಅಂದಿನಿಂದ ಕಲಬಾರಿನ ಸಂತೆಯಲ್ಲಿ, ಬಸ್ಸು ನಿಲ್ಲುವಲ್ಲಿ, ಚರ್ಚಿನ ಅಂಗಳದಲ್ಲಿ ಹಾಗೆ ನಡೆಯುವ ಬೇರೆಯವರೂ ನನ್ನ ಕಣ್ಣಿಗೆ ಬೀಳತೊಡಗಿದ್ದಾರೆ: ಅಗಲವಾದ ಜಾಗದಲ್ಲಿ ಇಕ್ಕಟ್ಟಾಗಿ, ಇಲ್ಲದ ಸಂದಿಯನ್ನು ಹುಷಾರಾಗಿ ದಾಟುತ್ತಾ ಹೋಗುವ ಗಂಡಸರು, ಹೆಂಗಸರು. ರಾಜ್ಯಗಳು ನೆಲವನ್ನು ಕೊಟ್ಟು ತೆಗೆದುಕೊಳ್ಳುವುದು ಒಂದು ಬೆಳಗಿನ ಕೆಲಸ. ಒಂದು ಬಾವುಟ, ಒಂದು ಸಹಿ, ಕೋಟು ತೊಟ್ಟ ಕೆಲವು ಸಾಕ್ಷಿಗಳು ಸಾಕು. ಆ ನೆಲದಲ್ಲಿ ಬೆಳೆದವರು ಮಾತ್ರ ತಮ್ಮ ಪಾಲನ್ನು ಯಾರಿಗೂ ಒಪ್ಪಿಸದೆ ಅಂಗಾಲಿನಡಿ ಇಟ್ಟುಕೊಂಡು ಊರೂರು ತಿರುಗುತ್ತಾರೆ. ಅಂಥವರು ಎದುರಾದಾಗ ನಾನು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಹಲಗೆ ಇಬ್ಬರು ಹಾಯುವಷ್ಟು ಅಗಲವಿಲ್ಲ.